ಗೋವಾದಲ್ಲಿ ಅಣ್ಣನಿಗೊಂದು ಎಡೆ

ಕ್ಯಾಥೆಡ್ರಲ್ ಬಾಗಿಲಲ್ಲಿ ನಾನು ಚಪ್ಪಲಿ ಬಿಟ್ಟೆ. ಬೇರೆ ಯಾರೂ ಬಿಡಲಿಲ್ಲ. ಇಡೀ ತರಗತಿ ಬೂಟು ಹಾಕಿಕೊಂಡೇ ಒಳಗೆ ಹೋಗಿ ದೇವರೆದುರು ಬೆಂಚಿನ ಮೇಲೆ ಕುಳಿತಿತು. ಬರಿಗಾಲಲ್ಲಿ ನಿಂತ ನನ್ನನ್ನು ಕಂಡು ಗೆಳತಿ ಸ್ಮಿತಾ ನಕ್ಕಳು. ನಮ್ಮ ವಿಜಯಪುರದ ಗುಮ್ಮಟ ಬರೀ ಸುಲ್ತಾನನ ಗೋರಿ, ಆದರೂ ಚಪ್ಪಲಿ ಹೊರಗೇ. ಇಲ್ಲಿ ಚಪ್ಪಲಿ ನಡೆಯುತ್ತದೆ, ಗಂಡಸರ ತಲೆಯ ಮೇಲಿನ ಟೋಪಿ ನಡೆಯುವುದಿಲ್ಲ.

ಅಂದು ಅಣ್ಣ ಸಿದ್ದು ತೀರಿಕೊಂಡು ವರ್ಷ ತುಂಬಿದ ದಿನ. ನಮ್ಮೂರು ಘೋಣಸಗಿಯಿಂದ ಗೋವಾಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಬಂದವನು ಅವನು. ನನ್ನನ್ನು ಕರೆಸಿ ಕಾಲೇಜಿಗೆ ಹಚ್ಚಿದವನೂ ಅವನೇ. ಕಟ್ಟುತ್ತಿದ್ದ ಮಹಡಿಯಿಂದಲೇ ಬಿದ್ದ. ಊರಿಗೆ ಒಯ್ದು ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಕಾಲೇಜಿನ ಈ ಪ್ರವಾಸಕ್ಕೆ ಅಂಕಗಳಿದ್ದವು, ತಪ್ಪಿಸುವಂತಿರಲಿಲ್ಲ. ವರ್ಷದ ಎಡೆಗೆ ಊರಿಗೆ ಹೋಗಲಾಗಲಿಲ್ಲ. ನಾವು ನಾಲ್ವರು ಹುಡುಗಿಯರಿರುವ ಬಾಡಿಗೆ ಕೋಣೆಯಲ್ಲಿ ಎಡೆ ಇಡಲು ಜಾಗವೆಲ್ಲಿ? ಹೊರಗೆ ಎಲ್ಲಾದರೂ ಇಡೋಣವೆಂದು ತಿಕೋಟಾದ ಒಣದ್ರಾಕ್ಷಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದೆ.

ಕ್ಯಾಥೆಡ್ರಲ್ ಹೊರಗೆ ಹೆಂಗಸರು ಮೇಣದ ಕೈ, ಮೇಣದ ಕಾಲು ಮಾರುತ್ತಿದ್ದರು. ನೋವಿರುವ ಅಂಗವನ್ನು ಹರಕೆಯಾಗಿ ಒಪ್ಪಿಸುತ್ತಾರಂತೆ. ಅವೆಲ್ಲ ಬದುಕಿರುವವರಿಗೆ. ನಾನು ಏನೂ ಕೊಳ್ಳಲಿಲ್ಲ.

ಅಲ್ಲಿಂದ ಮ್ಯೂಸಿಯಂ. ಗಡ್ಡದ ಪೋರ್ಚುಗೀಸ್ ಅಧಿಕಾರಿಗಳ ಚಿತ್ರಗಳನ್ನು ದಾಟಿದರೆ ಮೂಲೆಯಲ್ಲೊಂದು ವೀರಗಲ್ಲು. ಊರಲ್ಲಿ ಇಂಥ ಕಲ್ಲಿಗೆ ಎಣ್ಣೆ ಹಚ್ಚುತ್ತೇವೆ; ಇಲ್ಲಿ ಚೀಟಿ ಅಂಟಿಸಿದ್ದರು. ಸತ್ತವನಿಗೆಂದೇ ನಿಲ್ಲಿಸಿದ ಕಲ್ಲಲ್ಲವೇ ಎಂದುಕೊಂಡು ಅದರ ಬುಡದಲ್ಲಿ ದ್ರಾಕ್ಷಿ ಇಟ್ಟೆ. “ಯಣ್ಣಾ, ತಿನ್ನೋ” ಎಂದೆ.

ಕಾವಲುಗಾರ ಕೂಗುತ್ತ ಓಡಿ ಬಂದ. ನನ್ನ ಕನ್ನಡ ಕಿವಿಗೆ ಬಿದ್ದು ಅವನ ದನಿ ಇಳಿಯಿತು.

“ಯಾವೂರಬೇ ತಂಗಿ?”

“ಘೋಣಸಗಿರಿ, ತಿಕೋಟಾದ ಹಂತ್ಯಾಕ.”

“ನಮ್ದು ಬಬಲೇಶ್ವರ. ಅಲ್ಲಬೇ, ಏನ ಮಾಡಾಕತ್ತಿ ಇದು? ಇರಿವಿ ಬಂದ್ರ ನನ್ನ ನೌಕರಿಗೇ ಎಡಿ ಇಟ್ಟಂಗ ಆಗ್ತೈತಿ.”

“ನಮ್ಮಣ್ಣಂದು ವರ್ಷದ ದಿನಾರಿ. ಒಂದೀಟ ಹೊತ್ತು ಇರ್ಲಿರಿ.”

ಅವನು ಆಚೀಚೆ ನೋಡಿದ. “ಲಗೂ ಮುಗಸು,” ಎಂದು, ನನ್ನನ್ನು ಮರೆಮಾಡುವಂತೆ ಬೆನ್ನು ತಿರುಗಿಸಿ ನಿಂತ. ಅಣ್ಣ ಹೋದ ಮೇಲೆ ಈ ಊರಲ್ಲಿ ಯಾರೂ ನನ್ನನ್ನು ತಂಗಿ ಎಂದಿರಲಿಲ್ಲ. ಕಣ್ಣು ತುಂಬಿತು.

ಅಷ್ಟರಲ್ಲಿ ಅವನ ಮೇಲಧಿಕಾರಿ ಬಂದ. ಬಬಲೇಶ್ವರದ ಮನುಷ್ಯ ಒಮ್ಮೆಲೇ ಕೊಂಕಣಿಯಲ್ಲಿ ನನ್ನನ್ನು ಗದರತೊಡಗಿದ. ದ್ರಾಕ್ಷಿಯನ್ನು ಬಳಿದು ಕಸದ ಡಬ್ಬಿಗೆ ಹಾಕಿದ. ಆ ಮಾತಿನಲ್ಲಿ ನನಗೆ ಸ್ಪಷ್ಟವಾಗಿ ತಿಳಿದದ್ದು ‘ಘಾಂಟಿ’ ಎಂಬ ಶಬ್ದ. ಘಟ್ಟದ ಮೇಲಿಂದ ದುಡಿಯಲು ಬಂದ ನಮ್ಮಂಥವರನ್ನು ಇಲ್ಲಿ ಹಾಗೆ ಹೀಯಾಳಿಸುತ್ತಾರೆ. ಅಣ್ಣ ಅದನ್ನು ಕೇಳಿ ನಗುತ್ತಿದ್ದ. ಅವನನ್ನು ಹಾಗೆ ಕರೆದವರು ಗೋವಾದವರಾಗಿದ್ದರು.

ಬಸ್ಸಿನಲ್ಲಿ ಕುಳಿತಾಗ ಅವ್ವನ ಫೋನು ಬಂತು.

“ಎಡಿ ಆತವ್ವಾ. ಹೋಳಗಿ ಮಾಡಿದ್ನಿ. ನೀ ಏನರ ಇಟ್ಟಿಯೇನು?”

“ಇಟ್ಟೀನವ್ವಾ. ದ್ರಾಕ್ಷಿ.”

“ಯಾರೂ ಏನೂ ಅನಲಿಲ್ಲಲ್ಲಾ?”

“ಇಲ್ಲ. ನಮ್ಮ ಕಡ್ಯಾವ ಒಬ್ಬಾಂವ ಇದ್ದ.”

“ಚಲೋ ಆತು ಬಿಡು. ಇಲ್ಲಿಗಿ ಬರಾಕ ಆಗ್ಲಿಲ್ಲಂದ್ರ ಏನಾತು, ನಿಮ್ಮೂರಾಗ ಆತಲ್ಲ.”

ಗೋವಾವನ್ನು ಅವ್ವ ನನ್ನ ಊರು ಎಂದದ್ದು ಅದೇ ಮೊದಲು. ನಾನು ಹೂಂ ಅಂದೆ.