ತಳದಲ್ಲಿ ತೂತಿದ್ದ ಬಟ್ಟಲು

ಹಳೆಯ ಮರಕ್ಕೆ ಹರಳೆಣ್ಣೆ ಹಚ್ಚಿದಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಇವತ್ತು ಬೆಳಿಗ್ಗೆ ವಸಂತಪುರದ ತವರುಮನೆಯಲ್ಲಿ ಷೋಕೇಸಿನ ಧೂಳು ಒರೆಸುತ್ತಾ, ತಮ್ಮ ಮಂಜ ತಂದಿಟ್ಟಿದ್ದ ಮರದ ಬಟ್ಟಲಿನ ಹೂ ತೆಗೆದು ಎಣ್ಣೆ ಸವರಿದೆ. ಅಪ್ಪ ಹೋದ ಮೇಲೆ ವಾರಕ್ಕೊಮ್ಮೆ ಪದ್ಮನಾಭನಗರದಿಂದ ಬಂದು ಹೀಗೆ ಏನಾದರೂ ಒರೆಸುತ್ತೇನೆ. ಕೈಗೆ ಕೆಲಸವಿದ್ದರೆ ಅಳು ಸ್ವಲ್ಪ ದೂರ ನಿಲ್ಲುತ್ತದೆ.

ಬಟ್ಟಲನ್ನು ಮಂಜ ಕೊಂಡದ್ದು ಅಪ್ಪ ಇದ್ದಾಗಲೇ, ಮಡಿವಾಳದ ಹಳೇ ಸಾಮಾನಿನ ಅಂಗಡಿಯಲ್ಲಿ. ಕರಿಮರ, ಸುತ್ತ ಎಸಳಿನ ಕೆತ್ತನೆ, ಅಂಚಿಗೆ ಹಿತ್ತಾಳೆ ಪಟ್ಟಿ. ಆದರೆ ತಳದ ಸುತ್ತಲೂ ತೂತು. ಬಟ್ಟಲಿಗೆ ತೂತೇಕೆ? ಅದನ್ನು ತಂದ ದಿನ ಎಲ್ಲರೂ ನಡುಮನೆಯಲ್ಲಿ ಕೂತು ತಲೆ ಕೆಡಿಸಿಕೊಂಡೆವು.

"ಅರಮನೇದಂತೆ ಅಕ್ಕ. ಅಂಗಡಿಯವನು ಆಣೆ ಮಾಡಿ ಹೇಳ್ದ," ಎಂದ ಮಂಜ.

"ಅರಮನೇಲಿ ಸೋರೋ ಬಟ್ಲು ಇಟ್ಕೊಂಡು ಏನ್ ಮಾಡ್ತಿದ್ರೋ?"

"ದೇವ್ರ ಅಭಿಷೇಕಕ್ಕೆ ಇರ್ಬೇಕು."

ನಾನು ಅನ್ನ ಬಸಿಯುವ ಪಾತ್ರೆ ಎಂದು ಸಾಧಿಸಿದೆ. ನನಗೆ ಹೊಳೆಯುವುದೆಲ್ಲ ಅಡುಗೆಮನೆಯದೇ; ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಕಲಿತದ್ದೂ ಅಲ್ಲೇ ತಾನೆ. ಕೊನೆಗೆ ಮಂಜ ಅದನ್ನು ಅಪ್ಪನ ಕೈಗೆ ಕೊಟ್ಟ.

ಅಪ್ಪ ಟೀವಿಯ ಸದ್ದು ತಗ್ಗಿಸಿದರು. ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ತೂತಿನ ಮೇಲೆ ಹೆಬ್ಬೆರಳು ಆಡಿಸಿದರು. "ಅರಮನೇದೇ ಇರ್ಬೇಕು ಬಿಡಪ್ಪ. ಚೆನ್ನಾಗೈತೆ," ಎಂದು ನಗುತ್ತಾ ವಾಪಸ್ಸು ಕೊಟ್ಟರು. ಮಂಜ ಹಿಗ್ಗಿಹೋದ. ತೂತಿಗೊಂದರಂತೆ ಪ್ಲಾಸ್ಟಿಕ್ ಗುಲಾಬಿ ಸಿಕ್ಕಿಸಿ, ಅಪ್ಪನ ಕುರ್ಚಿಯ ಎದುರಿಗೇ ಇಟ್ಟ.

ನಾವಿಬ್ಬರೂ ಕಣ್ಣು ಬಿಡುವ ಹೊತ್ತಿಗೆ ನಮ್ಮ ಹೊಲ ಲೇಔಟ್ ಆಗಿತ್ತು. ಹೊಲದ ಮಾತೆತ್ತಿದರೆ ಅಪ್ಪ, "ಅದೆಲ್ಲ ಯಾಕೀಗ, ಮೋಟರ್ ಹಾಕು, ಟ್ಯಾಂಕ್ ಖಾಲಿಯಾಗೈತೆ" ಎನ್ನುತ್ತಿದ್ದರು. ಹೇಳುವಂಥದ್ದೇನೂ ಇರಲಿಕ್ಕಿಲ್ಲ ಎಂದುಕೊಂಡಿದ್ದೆ.

ಎಣ್ಣೆ ಹಚ್ಚುತ್ತಿದ್ದಾಗ ಅಪ್ಪನ ತಂಗಿ ಸಣ್ಣತ್ತೆ ಬಂದರು. ಚಪ್ಪಲಿ ಬಿಟ್ಟವರು ಅಲ್ಲೇ ನಿಂತರು.

"ಕೂರಿಗೆ ಬಟ್ಲಲ್ವೇನೇ ಇದು!"

"ಹಂಗಂದ್ರೇನತ್ತೆ?"

"ರೈತನ ಮಗಳು ಕೇಳೋ ಮಾತೇನೇ ಇದು? ರಾಗಿ ಬಿತ್ತೋದು ಕಣೇ. ಒಂದೊಂದು ತೂತಿಗೂ ಒಂದೊಂದು ಬಿದಿರು ಕೊಳವೆ. ಎತ್ತು ನಡೀತಾ ಇದ್ದಂಗೆ ಬಟ್ಲಿಗೆ ಕಾಳು ಬಿಡ್ಬೇಕು, ಎಲ್ಲಾ ಸಾಲಿಗೂ ಸಮ ಬೀಳ್ಬೇಕು. ಕಾಳು ಬಿಡೋಕೆ ನಮ್ಮಣ್ಣನ್ನ ಅಕ್ಕಪಕ್ಕದೂರೋರು ಬಂದು ಕರ್ಕೊಂಡು ಹೋಗೋರು."

ನಾನು ಕಂಡ ಅಪ್ಪನ ಕೈ ರಿಮೋಟು ಹಿಡಿದಿತ್ತು, ಗೇಟಿನ ಬೀಗ ಹಾಕಿತ್ತು, ಕೊನೆಗೆ ಆಸ್ಪತ್ರೆಯ ಮಂಚದ ಕಂಬಿ ಹಿಡಿದಿತ್ತು. ಅತ್ತೆ ಹೇಳಿದ ಕೈಯನ್ನು ನಾನು ನೋಡೇ ಇಲ್ಲ.

"ನಮ್ಮನೇದು ಎಲ್ಲೋಯ್ತತ್ತೆ?"

ಅತ್ತೆ ದನಿ ತಗ್ಗಿಸಿದರು. "ಹೊಲ ಹೋಯ್ತಲ್ಲ, ಇನ್ಯಾಕೆ ಇದು ಅಂತ ಅಣ್ಣನೇ ಒಡೆದು ನೀರೊಲೆಗೆ ಹಾಕ್ದ. ಆವತ್ತು ಕಾದ ನೀರಲ್ಲಿ ಅವನು ಸ್ನಾನ ಮಾಡ್ಲಿಲ್ಲ ಕಣೇ."

ಅತ್ತೆ ಕಾಫಿ ಕುಡಿದು ಹೋದರು. ನಾನು ಅಪ್ಪನ ಖಾಲಿ ಕುರ್ಚಿಯ ಪಕ್ಕ ಕೂತೆ. ಅಪ್ಪ ಮುಟ್ಟಿದ ಕೂಡಲೇ ಗುರುತು ಹಿಡಿದಿದ್ದರಲ್ಲ. ಅವತ್ತು ಒಂದು ಮಾತು ಹೇಳಿದ್ದರೆ ಡಬ್ಬಿಯಿಂದ ಒಂದು ಹಿಡಿ ರಾಗಿ ತಂದುಕೊಡುತ್ತಿದ್ದೆ. "ಹೆಂಗೆ ಬಿಡೋದು, ತೋರಿಸಪ್ಪ" ಎನ್ನುತ್ತಿದ್ದೆ. ಕಾಳು ನೆಲದ ಟೈಲ್ಸ್ ಮೇಲೆಲ್ಲ ಹರಡಿದ್ದರೂ ಬೈಯುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಮಂಜ ಟೀಪಾಯಿಯ ಮೇಲಿದ್ದ ಗುಲಾಬಿಗಳನ್ನು ನೋಡಿದ.

"ಹೂವ್ಯಾಕ್ ತೆಗ್ದೆ ಅಕ್ಕ?"

"ಇದು ರಾಗಿ ಬಿತ್ತೋ ಬಟ್ಲಂತೆ ಕಣೋ. ಸಣ್ಣತ್ತೆ ಹೇಳಿದ್ರು."

ಅವನು ಅಪ್ಪನ ಕುರ್ಚಿಯತ್ತ ತಿರುಗಿದ. "ಹಂಗಾದ್ರೆ ಅಪ್ಪಂಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದರೆ, ಆ ಹೂಗಳನ್ನು ದಿನವೂ ಅಪ್ಪನ ಕಣ್ಣೆದುರು ಇಟ್ಟವನು ತಾನು ಎಂದು ಇವನು ಬದುಕಿಡೀ ಕೊರಗುತ್ತಾನೆ.

"ಇಲ್ಲ ಅನ್ಸುತ್ತೆ. ಅವರಿಗೆ ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲವಲ್ಲ," ಎಂದೆ.

ಮಂಜ ಬಟ್ಟಲನ್ನು ಎತ್ತಿಕೊಂಡ. "ಛೆ, ಮೊದ್ಲೇ ಗೊತ್ತಾಗಿದ್ರೆ ನಾವೇ ಹೇಳ್ಬೋದಿತ್ತು. ಎಷ್ಟು ಖುಷಿ ಪಡ್ತಿದ್ರು ಅಲ್ವಾ?"

ಹೂಂ ಎಂದೆ. ಅಷ್ಟು ಚಿಕ್ಕ ಮಾತನ್ನು ಮುಖ ಬದಲಿಸದೆ ಹೇಳುವುದು ಎಷ್ಟು ಕಷ್ಟವೆಂದು ಆಗಲೇ ತಿಳಿದದ್ದು. ಅಪ್ಪ "ಅರಮನೇದೇ ಇರ್ಬೇಕು ಬಿಡಪ್ಪ" ಎಂಬುದನ್ನು ನಗುತ್ತಾ ಹೇಳಿದ್ದರು.