ಬಾಯಿ ಮುಚ್ಚುವ ವಿದ್ಯೆ

ಬರದಲ್ಲಿ ಗಿಡಗಳು ಬದುಕುವ ಬಗೆಯನ್ನು ಜೀವಮಾನವಿಡೀ ಅಭ್ಯಸಿಸಿದ ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ವಿದ್ವತ್ ವಲಯದಲ್ಲಿ ಅವರಿಗಿರುವ ಮನ್ನಣೆ ದೊಡ್ಡದು. ಶಿಷ್ಯರಾದ ನಮಗೆ ಮಾತ್ರ ಅವರು ಇಂದಿಗೂ ‘ಬಾಯಾರಿಕೆ ಮೇಡಂ’. ಕುಂಡಗಳಿಗೆ ನೀರು ನಿಲ್ಲಿಸಿ, ತಾವು ಮಾತ್ರ ಗಂಟೆಗೊಮ್ಮೆ ಚಹಾ ಕುಡಿಯುತ್ತಿದ್ದವರಿಗೆ ಬೇರಾವ ಹೆಸರು ಒಪ್ಪೀತು?

ಮೊದಲ ತರಗತಿಯಲ್ಲೇ ಅವರು ಹೇಳಿಕೊಟ್ಟಿದ್ದರು: ಮಣ್ಣು ಒಣಗಿದಾಗ ಗಿಡದೊಳಗೆ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ, ಅದು ಎಲೆಯ ಮೇಲಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಸಿ, ಒಳಗಿನ ನೀರು ಆವಿಯಾಗದಂತೆ ಕಾಯುತ್ತದೆ. ಗಾಳಿಯೂ ಒಳಬರದ ಕಾರಣ ಬೆಳವಣಿಗೆ ನಿಧಾನವಾಗುತ್ತದೆ. ಆ ರಂಧ್ರಗಳನ್ನು ಅವರು ‘ಬಾಯಿ’ ಎನ್ನುತ್ತಿದ್ದರು. ಹೀಗಾಗಿ ನಮ್ಮ ಪ್ರಯೋಗಾಲಯದಲ್ಲಿ ‘ಬಾಯಿ ಮುಚ್ಚು’ ಎಂಬುದು ಬೈಗುಳವಲ್ಲ, ಹಿತವಚನ.

ನನ್ನ ಸಂಶೋಧನೆ ಮುಳುಗುವುದರಲ್ಲಿದ್ದಾಗ ಅದರ ಬೆಲೆ ತಿಳಿಯಿತು. ನೀರು ನಿಲ್ಲಿಸಿದ್ದ ಟೊಮೆಟೊ ಸಸಿಗಳಲ್ಲಿ ಹಾರ್ಮೋನು ಸಿಂಪಡಿಸಿದವು ಕುಳ್ಳಗೆ ನಿಂತಿದ್ದವು, ಸಿಂಪಡಿಸದವು ಎತ್ತರವಾಗಿದ್ದವು. ಪರಿಶೀಲನಾ ಸಮಿತಿಯ ಅಧ್ಯಕ್ಷರು ಅಳತೆಪಟ್ಟಿ ಹಿಡಿದು ನೋಡಿ, “ಇದಕ್ಕೆ ಇನ್ನೊಂದು ವರ್ಷ ಕೊಡೋದು ದಂಡ. ನಿಲ್ಲಿಸಿಬಿಡಿ” ಎಂದರು. ಮೂಗಿನ ತುದಿಯಲ್ಲೇ ಕೋಪವಿರುವ ನಾನು ಜಗಳಕ್ಕೆ ಎದ್ದೆ.

“ಸ್ವಲ್ಪ ಬಾಯಿ ಮುಚ್ಕೊಳಮ್ಮ” ಎಂದರು ಮೇಡಂ. ಅಧ್ಯಕ್ಷರು ತೃಪ್ತಿಯಿಂದ ತಲೆದೂಗಿದರು. ಪಾಪ, ಅವರಿಗೆ ನಮ್ಮ ಪ್ರಯೋಗಾಲಯದ ಭಾಷೆ ತಿಳಿಯದು. ಮೇಡಂ ಅಧ್ಯಕ್ಷರತ್ತ ತಿರುಗಿ, “ಬರದಲ್ಲಿ ಎತ್ತರ ಅಳೆದ್ರೆ ಏನ್ ಬಂತು ಸರ್? ಇನ್ನೊಂದು ವಾರ ಒಣಗಲಿ. ಆಮೇಲೆ ಎಲ್ಲಕ್ಕೂ ನೀರು ಹಾಕೋಣ. ಆಗಲೂ ಈ ಕುಳ್ಳರು ತಲೆ ಎತ್ತಲಿಲ್ಲ ಅಂದ್ರೆ ನಾನೇ ನಿಲ್ಲಿಸ್ತೀನಿ” ಎಂದರು. ಅಧ್ಯಕ್ಷರು ಗೊಣಗುತ್ತಲೇ ಒಪ್ಪಿದರು.

ಆ ವಾರ ನನಗೆ ಊಟ ಸೇರಲಿಲ್ಲ. ಮೇಡಂ ದಿನವೂ ಎರಡು ಲೋಟ ಚಹಾ ಹಿಡಿದು ಬಂದು, ಒಂದನ್ನು ನನ್ನ ಕೈಗಿಟ್ಟು, ಕುಂಡಗಳ ಮುಂದೆ ಕುಳಿತಿರುತ್ತಿದ್ದರು. ಕಡೆಗೆ ಎಲ್ಲಕ್ಕೂ ನೀರು ಹಾಕಿದೆವು. ಮರುದಿನ ಸಮಿತಿ ಬಂದಾಗ ಎತ್ತರದ ಸಸಿಗಳು ಒಣಕಡ್ಡಿಗಳಾಗಿಯೇ ಉಳಿದಿದ್ದವು. ನನ್ನ ಕುಳ್ಳರು ಎಲೆ ಬಿಚ್ಚಿ ನಿಂತಿದ್ದರು. ಅಧ್ಯಕ್ಷರು ಅಳತೆಪಟ್ಟಿಯನ್ನು ಜೇಬಿಗೆ ಸೇರಿಸಿ, ಆ ಒಂದು ವರ್ಷಕ್ಕೆ ಒಪ್ಪಿಗೆ ಕೊಟ್ಟರು.

“ನೀರು ಸಿಕ್ತಲ್ಲ, ಇನ್ನು ಬಾಯಿ ಬಿಡಮ್ಮ” ಎಂದು ಮೇಡಂ ಬೆನ್ನು ತಟ್ಟಿದರು. ಬಾಯಿ ಬಿಟ್ಟೆ, ಬಂದದ್ದು ಅಳು.

ಈಗ ಅವರು, “ನನ್ನ ಕೆಲಸ ಮುಗೀತು, ಬಾಯಿ ಮುಚ್ಕೊಂಡು ಮನೇಲಿರ್ತೀನಿ” ಎನ್ನುತ್ತಿದ್ದಾರೆ. ಆಯುಷ್ಯ, ಆರೋಗ್ಯಗಳೆರಡೂ ಅವರಿಗೆ ತುಂಬಿ ಬರಲೆಂದು ಮನಸಾರೆ ಹಾರೈಸುತ್ತ, ಅವರ ಪಾಠವನ್ನು ಅವರಿಗೇ ಒಪ್ಪಿಸುತ್ತಿದ್ದೇನೆ: ಗಿಡ ಬಾಯಿ ಮುಚ್ಚುವುದು ಮತ್ತೆ ತೆರೆಯುವುದಕ್ಕೆ. ಸೋಮವಾರದಿಂದ ಹೊಸ ಕುಂಡಗಳಿಗೆ ನೀರು ನಿಲ್ಲಿಸುತ್ತಿದ್ದೇವೆ. ಬನ್ನಿ ಮೇಡಂ, ಚಹಾ ನಾನು ತರುತ್ತೇನೆ.