ಎರಡು ವಿಮಾನ ನಿಲ್ದಾಣ, ಹದಿನಾಲ್ಕು ಚಾಪೆ ಹಪ್ಪಳ

ನಿನ್ನೆ ದೊಡ್ಡಮ್ಮ ಹಲಸಿನ ಹಪ್ಪಳ ಕಾಯಿಸುತ್ತಿದ್ದರು. ತೆಂಗಿನೆಣ್ಣೆಯ ಆ ಪರಿಮಳಕ್ಕೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ವಿಮಾನ ನೆನಪಾಗುತ್ತದೆ.

ದೊಡ್ಡಪ್ಪ ಸರ್ವೆ ಕೆಲಸದಿಂದ ನಿವೃತ್ತರಾದವರು. ಊರವರ ಜಾಗವನ್ನೆಲ್ಲ ಆಕಾಶದಿಂದ ಕಂಡ ಹಾಗೆ ಕಾಗದದಲ್ಲಿ ಬರೆದವರಿಗೆ, ತಮ್ಮ ಮನೆಯನ್ನೊಮ್ಮೆ ನಿಜವಾಗಿ ಮೇಲಿನಿಂದ ನೋಡಬೇಕೆಂಬ ಆಸೆ. ಮೂರು ವರ್ಷಗಳ ಹಿಂದೆ, ಏಪ್ರಿಲಿನಲ್ಲಿ, ಭೂಪಟ ಹರಡಿ ಮಂಗಳೂರು ವಿಮಾನ ನಿಲ್ದಾಣದಿಂದ ಕಣ್ಣೂರಿನದಕ್ಕೆ ಸ್ಕೇಲಿಟ್ಟು ಗೆರೆ ಎಳೆದರು. ಗೆರೆ ಮುಳ್ಳೇರಿಯದ ಮೇಲೆಯೇ, ಅಂದರೆ ನಮ್ಮ ತಾರಸಿಯ ಮೇಲೆಯೇ ಹಾದುಹೋಯಿತು.

"ನೋಡು, ಮನೆ ದಾರಿಯಲ್ಲೇ ಉಂಟು," ಎಂದರು.

ನೇರ ವಿಮಾನ ಇರಲಿಲ್ಲ. ಬೆಂಗಳೂರಿಗೆ ಹೋಗಿ ಅಲ್ಲಿ ಇನ್ನೊಂದನ್ನು ಹಿಡಿಯಬೇಕಿತ್ತು. "ಹಾಗಾದರೆ ಗೆರೆ ಬೇರೆ ಆಗ್ತದಲ್ಲ ದೊಡ್ಡಪ್ಪ?" ಎಂದೆ.

"ಬಗ್ಗಿದರೂ ಎಷ್ಟು ಬಗ್ಗೀತು? ನನಗೆ ನಕ್ಷೆ ಕಲಿಸ್ಬೇಡ ಮಾರಾಯ."

ಎಲ್ಲವನ್ನೂ ಬರೆದಿಡುವ ನನ್ನ ಡೈರಿಯಲ್ಲಿ ಆ ಮಾತನ್ನೂ ಬರೆದುಕೊಂಡೆ. ನನಗೂ ವಿಮಾನದಲ್ಲಿ ಕೂರುವ ಆಸೆಯಿತ್ತೆಂಬುದು ಅದೇ ಪುಟದಲ್ಲಿದೆ.

ದೊಡ್ಡಮ್ಮ ಬರಲೊಪ್ಪಲಿಲ್ಲ. "ಎಲ್ಲರೂ ಮೇಲೆ ಹೋದರೆ ಕೆಳಗೆ ಕಾಣಿಸ್ಲಿಕ್ಕೆ ಯಾರಾದರೂ ಬೇಡ್ವಾ?" ಎಂದು, ತಾರಸಿಯಲ್ಲಿ ಹಪ್ಪಳದ ಹದಿನಾಲ್ಕು ಚಾಪೆಗಳನ್ನು ಬಾಣದ ಆಕಾರದಲ್ಲಿ ಹಾಸುವುದೆಂದು ನಿಶ್ಚಯಿಸಿದರು. ಹಿಂದಿನ ದಿನವೇ ಹಾಸಿಯೂ ನೋಡಿದರು. ಬಾಣ ತೋರಿಸುತ್ತಿದ್ದದ್ದು ನೀರಿನ ಟ್ಯಾಂಕಿಯನ್ನು.

ಡೈರಿಯಲ್ಲಿರುವುದು ಹೀಗೆ: ಮನೆ ಬಿಟ್ಟದ್ದು ಬೆಳಿಗ್ಗೆ 5.10. ಮಂಗಳೂರಿನಿಂದ ಹಾರಿದ್ದು 9.05. ಬೆಂಗಳೂರಿನಿಂದ 1.40. ಕಣ್ಣೂರಿನಲ್ಲಿ ಇಳಿದದ್ದು 2.45. ಕಾರಿನಲ್ಲಿ ಮನೆ ಸೇರಿದ್ದು ಸಂಜೆ 6.05. ಒಟ್ಟು ಹನ್ನೆರಡು ಗಂಟೆ ಐವತ್ತೈದು ನಿಮಿಷ. ಹೊರಟಲ್ಲಿಂದ ತಲುಪಿದಲ್ಲಿಗೆ ದೂರ, ಸೊನ್ನೆ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಕಾರಿನಲ್ಲೇ ಹೋಗಿದ್ದರೆ ನಾಲ್ಕು ಗಂಟೆ ಸಾಕಿತ್ತು. ನಡುವೆ ಮನೆಗೆ ಹೊಕ್ಕು ಊಟವನ್ನೂ ಮಾಡಬಹುದಿತ್ತು.

ಮೊದಲ ವಿಮಾನ ಗೆರೆಯನ್ನು ಬಿಟ್ಟು ನೇರ ಸೂರ್ಯನತ್ತ ಹೊರಟಿತು. ಎರಡನೆಯದರಲ್ಲಿ ದೊಡ್ಡಪ್ಪ ಕಿಟಕಿಗೆ ಹಣೆಯೂರಿ ಕೂತರು. ಮನೆ ಇದ್ದದ್ದು ಬಲಗಡೆ, ಎಷ್ಟೋ ಮೈಲಿ ಆಚೆ. ನಾವಿದ್ದದ್ದು ಎಡಗಡೆಯ ಕಿಟಕಿಯಲ್ಲಿ. ಕಂಡದ್ದು ಮೋಡ.

ಕಣ್ಣೂರಿನಲ್ಲಿ ಅವರ ಮುಖ ಸಣ್ಣದಾಗಿತ್ತು. "ಅವಳು ಬಿಸಿಲಲ್ಲಿ ನಿಂತಿರ್ತಾಳೆ. ಈಗ ಎಂತ ಹೇಳುವುದು?" ಎಂದರು.

ದೊಡ್ಡಮ್ಮ ಗೇಟಿನಲ್ಲೇ ಕಾದಿದ್ದರು. ಬಿಸಿಲಿಗೆ ಮೂಗು ಕೆಂಪಾಗಿತ್ತು. "ಕಂಡಿತಾ?"

"ಕಂಡಿತು," ಎಂದರು ದೊಡ್ಡಪ್ಪ.

"ಎಂತ ಕಂಡದ್ದು?"

"ಹಪ್ಪಳ. ತುದಿಯ ಚಾಪೆ ಸ್ವಲ್ಪ ಓರೆ ಇತ್ತು."

"ಅಯ್ಯೋ, ಅದು ಕಾಗೆ ಎಳೆದದ್ದು ಮಾರಾಯ್ರೆ! ನಾನು ಮೇಲೆ ನೋಡ್ತಾ ಇದ್ದೆನಲ್ಲ!"

ಕಾಗೆಗಳ ಪಾಲಾದ ಹಪ್ಪಳ ಮೂವತ್ತೊಂದು. ಅದನ್ನು ಬರೆದೆ. 'ಮನೆ ಕಂಡ ಸಮಯ' ಎಂದು ಮೊದಲೇ ಬರೆದಿಟ್ಟಿದ್ದುದರ ಎದುರು ಮಾತ್ರ ಏನೂ ಬರೆಯಲಿಲ್ಲ. ಸುಳ್ಳು ಬರೆದರೆ ಡೈರಿಯೇ ಕೆಟ್ಟುಹೋಗುತ್ತದೆಂದು ನಾನು ಆಗ ನಂಬಿದ್ದೆ.

ನಿನ್ನೆ ಪಕ್ಕದ ಮನೆಯವರು ಬಂದಿದ್ದರು. ಹಪ್ಪಳದ ಜೊತೆಗೆ ಕತೆಯೂ ಬಂತು. ಅವರು ನಂಬದೆ ನಕ್ಕಾಗ ದೊಡ್ಡಮ್ಮ ನನ್ನತ್ತ ತಿರುಗಿದರು. "ಇವನ ಡೈರಿಯಲ್ಲಿ ಉಂಟು. ತಂದು ಓದು ನೋಡುವಾ, ಎಷ್ಟು ಗಂಟೆಗೆ ಕಂಡದ್ದು?"

ಪುಟ ತೆರೆದೆ. ದೊಡ್ಡಪ್ಪ ಹಪ್ಪಳವನ್ನು ಮುರಿಯದೆ ಕೈಯಲ್ಲೇ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಎರಡು ಗಂಟೆ ಹನ್ನೊಂದು ನಿಮಿಷಕ್ಕೆ," ಎಂದೆ.

"ಸರಿಯೇ," ಎಂದರು ದೊಡ್ಡಮ್ಮ. "ಆಗಲೇ ನಾನು ಕೈ ಬೀಸಿದ್ದು."

ದೊಡ್ಡಪ್ಪ ಹಪ್ಪಳ ಮುರಿದರು. ನಾನು ಪೆನ್ನು ತೆಗೆದು ಖಾಲಿ ಜಾಗದಲ್ಲಿ 2.11 ಎಂದು ಬರೆದೆ.